ಬೆಂಕಿಯೊಂದೇ ಗೆಲ್ಲದ ಲೋಕ: ಫ್ಯಾಂಟಸಿ ಕಥೆಗೆ ಮೂಲಶಕ್ತಿಗಳನ್ನು ಕಟ್ಟುವ ಬಗೆ

ಫ್ಯಾಂಟಸಿ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಬೆಂಕಿಯವನನ್ನು ಹುಟ್ಟಿಸುತ್ತಾರೆ. ಕೈ ಚಾಚಿದರೆ ಜ್ವಾಲೆ. ಅವನ ಎದುರಾಳಿಗೆ ನೀರು. ಆಮೇಲೆ ಲೆಕ್ಕ ತುಂಬಲಿ ಅಂತ ಮಣ್ಣಿನವನೊಬ್ಬ, ಗಾಳಿಯವಳೊಬ್ಬಳು. ಹತ್ತು ಅಧ್ಯಾಯ ಮುಗಿಯುವಷ್ಟರಲ್ಲಿ ಮಣ್ಣಿನವನು ಗೋಡೆ ಎಬ್ಬಿಸಲು ಮಾತ್ರ ಉಳಿದಿರುತ್ತಾನೆ, ಗಾಳಿಯವಳು ಸುಮ್ನೆ ಕೂದಲು ಹಾರಿಸಿಕೊಂಡು ನಿಂತಿರುತ್ತಾಳೆ. ಓದುಗರ ಮನಸ್ಸಿನಲ್ಲಿ ಒಂದೇ ಪ್ರಶ್ನೆ: "ಇವನು ಎಲ್ಲ ಸುಟ್ಟು ಹಾಕಬಹುದಿತ್ತಲ್ಲ, ಯಾಕೆ ಸುಡಲಿಲ್ಲ?"

ಈ ಪ್ರಶ್ನೆಗೆ ಗಟ್ಟಿ ಉತ್ತರ ಇದ್ದರೆ ನಿಮ್ಮ ವ್ಯವಸ್ಥೆ ಸಮತೋಲನದಲ್ಲಿದೆ ಅಂತ ಅರ್ಥ. ಎಲ್ಲ ಶಕ್ತಿಗಳನ್ನೂ ತಕ್ಕಡಿಯಲ್ಲಿಟ್ಟು ಸಮ ಮಾಡಬೇಕಿಲ್ಲ. ಪ್ರತಿ ಶಕ್ತಿಗೂ ಒಂದು ಬೆಲೆ ಇರಬೇಕು, ಆ ಬೆಲೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ವಸೂಲಾಗಬೇಕು. ಅಷ್ಟಾದರೆ ಬಲದ ಲೆಕ್ಕ ತಾನಾಗಿ ಸರಿಹೋಗುತ್ತದೆ. ಕೆಳಗೆ ಐದು ಶಕ್ತಿಗಳ ಒಂದು ಲೋಕವನ್ನು ಉದಾಹರಣೆಯಾಗಿ ಕಟ್ಟುತ್ತಾ ಹೋಗುತ್ತೇನೆ. ಕಾದಂಬರಿ, ಕಾಮಿಕ್ಸ್, ಗೆಳೆಯರ ಜೊತೆ ಆಡುವ ರೋಲ್‌ಪ್ಲೇ ಆಟ, ಯಾವುದಕ್ಕಾದರೂ ಇದೇ ಕ್ರಮ ನಡೆಯುತ್ತದೆ.

ಹೆಜ್ಜೆ 1: ಮೊದಲು ಆಕಾರ, ಆಮೇಲೆ ಹೆಸರು

ಈ ಕೆಲಸವನ್ನು ಹಿಂದಿನವರು ನಮಗಿಂತ ಗಂಭೀರವಾಗಿ ಮಾಡಿಟ್ಟಿದ್ದಾರೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಚಿಂತಕ ಎಂಪೆಡೊಕ್ಲೀಸ್ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಬೇರುಗಳನ್ನು ಹೇಳಿದ. ಅವನ್ನು ಕೂಡಿಸುವುದು ಪ್ರೀತಿ, ಬಿಡಿಸುವುದು ಕಲಹ ಅಂದ. ಆಮೇಲೆ ಬಂದ ಅರಿಸ್ಟಾಟಲ್ ಒಂದೊಂದಕ್ಕೂ ಎರಡೆರಡು ಗುಣ ಹಂಚಿದ. ಬೆಂಕಿ ಬಿಸಿ ಮತ್ತು ಒಣ, ಗಾಳಿ ಬಿಸಿ ಮತ್ತು ಹಸಿ, ನೀರು ತಂಪು ಮತ್ತು ಹಸಿ, ಮಣ್ಣು ತಂಪು ಮತ್ತು ಒಣ. ಒಂದು ಗುಣ ಬದಲಾದರೆ ಒಂದು ವಸ್ತು ಇನ್ನೊಂದಾಗುತ್ತದೆ.

ಚೀನಾದ ಪದ್ಧತಿಯಲ್ಲಿ ಐದಿವೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ಅಲ್ಲಿ ಎರಡು ಚಕ್ರಗಳು ಒಟ್ಟಿಗೆ ತಿರುಗುತ್ತವೆ. ಒಂದರಲ್ಲಿ ಇದೇ ಸಾಲಿನಲ್ಲಿ ಒಂದು ಮುಂದಿನದನ್ನು ಹುಟ್ಟಿಸುತ್ತದೆ. ಇನ್ನೊಂದರಲ್ಲಿ ನೀರು ಬೆಂಕಿಯನ್ನು, ಬೆಂಕಿ ಲೋಹವನ್ನು, ಲೋಹ ಮರವನ್ನು, ಮರ ಮಣ್ಣನ್ನು, ಮಣ್ಣು ನೀರನ್ನು ಹತ್ತಿಕ್ಕುತ್ತದೆ.

ನಮಗೆ ಗೊತ್ತಿರುವ ಪಂಚಭೂತಗಳದ್ದು ಮೆಟ್ಟಿಲಿನ ಲೆಕ್ಕ. ತೈತ್ತಿರೀಯ ಉಪನಿಷತ್ತಿನಲ್ಲಿ ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು, ನೀರಿನಿಂದ ಭೂಮಿ ಬರುತ್ತದೆ. ಗುಣಗಳೂ ಒಂದೊಂದಾಗಿ ಸೇರುತ್ತವೆ. ಆಕಾಶಕ್ಕೆ ಶಬ್ದ ಮಾತ್ರ. ಗಾಳಿಗೆ ಸ್ಪರ್ಶ ಸೇರುತ್ತದೆ, ಬೆಂಕಿಗೆ ರೂಪ, ನೀರಿಗೆ ರಸ. ಭೂಮಿಗೆ ಬರುವಷ್ಟರಲ್ಲಿ ಗಂಧವೂ ಸೇರಿ ಐದಾಗುತ್ತದೆ.

ನೋಡಿ, ಮೂರು ಕಡೆ ಮೂರು ಆಕಾರ: ಗ್ರೀಕರಲ್ಲಿ ಎದುರು ಬದುರು ಮೂಲೆಗಳು (ಬೆಂಕಿಗೆ ಎದುರು ನೀರು, ಗಾಳಿಗೆ ಎದುರು ಮಣ್ಣು), ಚೀನಾದಲ್ಲಿ ಚಕ್ರ, ನಮ್ಮಲ್ಲಿ ಮೆಟ್ಟಿಲು. ನಿಮ್ಮ ಲೋಕಕ್ಕೆ ಯಾವುದು ಬೇಕು ಅಂತ ಮೊದಲು ತೀರ್ಮಾನಿಸಿ. ಎರಡು ಮನೆತನಗಳ ಹಗೆಯ ಕಥೆಗೆ ಮೂಲೆಗಳು ಚೆನ್ನ. ಮೇಲು ಕೀಳಿನ ಸಮಾಜವನ್ನು ತೋರಿಸಬೇಕಾದರೆ ಮೆಟ್ಟಿಲು. ಯಾರೂ ಪೂರ್ತಿ ಗೆಲ್ಲಬಾರದು ಅಂತಿದ್ದರೆ ಚಕ್ರ.

ಚಕ್ರ ಆರಿಸಿದರೆ ಸಂಖ್ಯೆಯ ಕಡೆ ಗಮನ ಇರಲಿ. ನಾಲ್ಕು ಶಕ್ತಿಗಳಿದ್ದರೆ ಒಟ್ಟು ಆರು ಜೋಡಿ. ಆರು ಗೆಲುವುಗಳನ್ನು ನಾಲ್ವರಿಗೆ ಸಮವಾಗಿ ಹಂಚಲು ಬರುವುದಿಲ್ಲ. ಒಬ್ಬರಿಗಾದರೂ ಜಾಸ್ತಿ ಸಿಗುತ್ತದೆ, ಇಲ್ಲವಾದರೆ ಕೆಲವು ಜೋಡಿಗಳು ಡ್ರಾ ಆಗಬೇಕು. ಐದಿದ್ದರೆ ಹತ್ತು ಜೋಡಿ, ತಲಾ ಎರಡು ಗೆಲುವು, ಎರಡು ಸೋಲು. ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಗಳಿಗೆ ಮಾತ್ರ ಈ ಅನುಕೂಲ. ಏಳಕ್ಕಿಂತ ಮೇಲೆ ಹೋಗಬೇಡಿ. ಏಳಕ್ಕೇ ಇಪ್ಪತ್ತೊಂದು ಜೋಡಿ, ಅಷ್ಟನ್ನು ನೆನಪಿಟ್ಟುಕೊಳ್ಳುವ ಓದುಗ ಸಿಗುವುದೇ ಕಷ್ಟ.

ನಾನು ಐದು ಇಟ್ಟುಕೊಳ್ಳುತ್ತೇನೆ: ಬೆಂಕಿ, ನೀರು, ಮಣ್ಣು, ಗಾಳಿ, ಶಬ್ದ. ಆಕಾಶದ ಗುಣ ಶಬ್ದ ಅಂತ ಮೇಲೆ ಬಂತಲ್ಲ, ಐದನೆಯದು ಅಲ್ಲಿಂದಲೇ ಬಂತು. "ಬೆಳಕು" ಮತ್ತು "ಕತ್ತಲೆ"ಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಅವು ಬಂದ ಕೂಡಲೇ ಒಳ್ಳೆಯವರು, ಕೆಟ್ಟವರು ಅಂತ ಎರಡು ಪಕ್ಷ ಆಗಿ ಉಳಿದ ಶಕ್ತಿಗಳು ಹಿಂದಿನ ಸಾಲಿಗೆ ಸರಿಯುತ್ತವೆ.

ಹೆಜ್ಜೆ 2: ಶಕ್ತಿ ಏನು ಮಾಡುತ್ತದೆ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ಅವಳಿಗೆ ಬೆಂಕಿಯ ಶಕ್ತಿ ಇದೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ಬೆಂಕಿ ಹುಟ್ಟಿಸುತ್ತಾಳಾ? ಇರುವ ಬೆಂಕಿಯನ್ನು ಓಡಾಡಿಸುತ್ತಾಳಾ? ಶಾಖವನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಸುರಿಯುತ್ತಾಳಾ? ಮೂರನೆಯದಾದರೆ ಅವಳು ಕೆರೆಯನ್ನೂ ಹೆಪ್ಪುಗಟ್ಟಿಸಬಲ್ಲಳು. ನೀರಿನವರ ಅರ್ಧ ಕೆಲಸ ಅವಳ ಪಾಲಿಗೆ ಹೋಯಿತು. ಹಾಗಾಗಿ ಕ್ರಿಯಾಪದವನ್ನು ಬಿಗಿಯಾಗಿ ಹಿಡಿಯಿರಿ:

ಬೆಂಕಿಯವರು ಉರಿಯಬಲ್ಲ ವಸ್ತುವಿಗೆ ಕಿಡಿ ಹತ್ತಿಸುತ್ತಾರೆ. ನೀರಿನವರು ದ್ರವವಾಗಿರುವ ನೀರನ್ನು ಎಳೆಯುತ್ತಾರೆ. ಮಣ್ಣಿನವರು ಮಣ್ಣು ಕಲ್ಲುಗಳನ್ನು ಸರಿಸುತ್ತಾರೆ. ಗಾಳಿಯವರು ಗಾಳಿಯನ್ನು ತಳ್ಳುತ್ತಾರೆ. ಶಬ್ದದವರು ಇರುವ ಸದ್ದನ್ನು ಹೆಚ್ಚಿಸುತ್ತಾರೆ ಇಲ್ಲವೇ ಅಡಗಿಸುತ್ತಾರೆ.

ಇನ್ನು ಐದು ಕೆಲಸಗಳ ಪಟ್ಟಿ ಮಾಡಿ: ಹೊಡೆಯುವುದು, ಕಾಪಾಡುವುದು, ಸಾಗುವುದು, ಸುಳಿವು ಹಿಡಿಯುವುದು, ದುರಸ್ತಿ ಮಾಡುವುದು. ಒಂದೊಂದು ಶಕ್ತಿಯೂ ಒಂದು ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಇರಲಿ, ಇನ್ನೊಂದರಲ್ಲಿ ಪೂರ್ತಿ ನಿರುಪಯುಕ್ತ ಆಗಿರಲಿ. ಹೊಡೆಯುವುದರಲ್ಲಿ ಬೆಂಕಿ ಮುಂದೆ, ಆದರೆ ದುರಸ್ತಿಯಲ್ಲಿ ಸೊನ್ನೆ. ಸುಳಿವಿನಲ್ಲಿ ಶಬ್ದಕ್ಕೆ ಸರಿಸಾಟಿ ಇಲ್ಲ, ಸಾಗುವುದರಲ್ಲಿ ಅದು ಏನೂ ಮಾಡದು. ಸೊನ್ನೆಗಳ ಮೇಲೆ ಕೈ ಇಡಬೇಡಿ. ಪಾತ್ರಗಳು ಒಬ್ಬರಿಗೊಬ್ಬರು ಬೇಕಾಗುವುದು ಅಲ್ಲೇ.

ಹೆಜ್ಜೆ 3: ಬೆಲೆ ಕಟ್ಟಿ

ಇದು ಇಡೀ ಕೆಲಸದ ನಡುಮನೆ. ಇಲ್ಲಿ ನಿಧಾನವಾಗಿ ಹೋಗೋಣ.

ಹೆಚ್ಚಿನ ಕಥೆಗಳಲ್ಲಿ ಬೆಲೆ ಅಂದರೆ "ಸುಸ್ತಾಯಿತು". ಎಷ್ಟು ಮಾಡಿದರೆ ಎಷ್ಟು ಸುಸ್ತು? ಭೌತಶಾಸ್ತ್ರದ ಲೆಕ್ಕ ಹಾಕಿದರೆ ನಮ್ಮ ಅಂದಾಜು ತಲೆಕೆಳಗಾಗುತ್ತದೆ. ಒಂದು ಟನ್ ತೂಕದ ಬಂಡೆಯನ್ನು ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 9.8 ಕಿಲೋಜೌಲ್. ಅಂದರೆ ಎರಡೂವರೆ ಕಿಲೋಕ್ಯಾಲರಿಗೂ ಕಮ್ಮಿ. ಅದೇ 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 2,570 ಕಿಲೋಜೌಲ್ ಬೇಕು. ಅಷ್ಟರಲ್ಲಿ ಆ ಬಂಡೆಯನ್ನು 260 ಮೀಟರ್ ಎತ್ತರಕ್ಕೆ ಏರಿಸಬಹುದು!

ಇನ್ನೊಂದು ರೀತಿ ನೋಡಿ. ಆರೋಗ್ಯವಂತ ಮನುಷ್ಯ ಗಂಟೆಗಟ್ಟಲೆ ಮಾಡಬಲ್ಲ ದುಡಿಮೆ ಸುಮಾರು 75 ವ್ಯಾಟ್. ಆ ಲೆಕ್ಕದಲ್ಲಿ ಬಂಡೆಗೆ ಎರಡು ನಿಮಿಷ ಚಿಲ್ಲರೆ ಸಾಕು. ಒಂದು ಲೀಟರ್ ನೀರಿಗೆ ಒಂಬತ್ತು ಗಂಟೆಗೂ ಜಾಸ್ತಿ ಬೇಕು. ಗಾಳಿಯೂ ಅಗ್ಗವೇ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 58 ಕಿಲೋ ತೂಗುತ್ತದೆ. ಅಷ್ಟನ್ನೂ ಗಂಟೆಗೆ 72 ಕಿಲೋಮೀಟರ್ ವೇಗಕ್ಕೆ ತರಲು ಮೂರು ಕಿಲೋಕ್ಯಾಲರಿ ಸಾಕು.

ಅಂದರೆ, ಎತ್ತುವುದು ತಳ್ಳುವುದು ಅಗ್ಗ, ಕಾಯಿಸುವುದು ದುಬಾರಿ. ಮೈಯ ಶಕ್ತಿಯಿಂದಲೇ ಮ್ಯಾಜಿಕ್ ನಡೆಯುತ್ತದೆ ಅಂತ ಇಟ್ಟುಕೊಂಡರೆ ಬೆಂಕಿಯವನು ಲೋಕದ ಅತಿ ಬಡಪಾಯಿ, ಮಣ್ಣಿನವಳು ರಾಣಿ. ಯಾರಾದರೂ ಬರೆಯಬಹುದಾದ ಕಥೆಯೇ ಇದು, ನನಗಂತೂ ಓದಲು ಆಸೆ.

ಆದರೆ ಬೆಂಕಿಗೆ ಒಂದು ಉಪಾಯ ಇದೆ. ಒಂದು ಕಿಲೋ ಒಣ ಸೌದೆಯೊಳಗೆ ಆಗಲೇ ಸುಮಾರು 15,000 ಕಿಲೋಜೌಲ್ ಕೂತಿರುತ್ತದೆ. ಬೆಂಕಿಯವನು ಕಿಡಿ ಹತ್ತಿಸಿದರೆ ಸಾಕು, ಉಳಿದ ಖರ್ಚು ಸೌದೆಯದು. ಮೇಲಿನ ವಾಕ್ಯದಲ್ಲಿ "ಉರಿಯಬಲ್ಲ ವಸ್ತುವಿಗೆ" ಅಂತ ಸೇರಿಸಿದ್ದು ಇದಕ್ಕೇ. ಈಗ ಅವನ ತೊಂದರೆ ಬೇರೆಯದಾಯಿತು: ಹತ್ತಿಸಿದ್ದನ್ನು ನಿಲ್ಲಿಸುವುದು ಹೇಗೆ?

ಆದ್ದರಿಂದ ಪ್ರತಿ ಶಕ್ತಿಗೂ ಎರಡು ಬೆಲೆ ಬರೆಯಿರಿ: ಶುರು ಮಾಡುವ ಬೆಲೆ, ನಿಲ್ಲಿಸುವ ಬೆಲೆ. ನನ್ನ ಲೋಕದಲ್ಲಿ ಬೆಂಕಿ ಶುರು ಮಾಡಲು ಅಗ್ಗ, ನಿಲ್ಲಿಸಲು ದುಬಾರಿ. ಮಣ್ಣಿನವರು ಬಂಡೆಯನ್ನು ಮೈಬಲದಿಂದಲೇ ಎತ್ತಬೇಕು, ನಿಮಿಷಗಳೇ ಹಿಡಿಯುತ್ತವೆ, ಆದರೆ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ನೀರು ಸದಾ ಇಳಿಜಾರು ಹುಡುಕುತ್ತದೆ, ಹಿಡಿದಿರುವಷ್ಟು ಹೊತ್ತೂ ಗಮನ ಕೊಡಬೇಕು. ನಿದ್ದೆ ಬಂದರೆ ಎಲ್ಲ ಹರಿದು ಹೋಗುತ್ತದೆ. ಗಾಳಿಗೆ ಎರಡೂ ಅಗ್ಗ, ಆದರೆ ಅದು ಮಾಡಿದ ಕೆಲಸ ಬಾಳುವುದಿಲ್ಲ, ಮರುಗಳಿಗೆಯೇ ಏನೂ ಉಳಿದಿರುವುದಿಲ್ಲ. ಶಬ್ದದವರ ಬೆಲೆ ಮೈಯಲ್ಲಿ ಉಳಿಯುತ್ತದೆ: ಹೆಚ್ಚಿಸಿದ ಪ್ರತಿ ಸದ್ದೂ ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ವಯಸ್ಸಾದ ಶಬ್ದದವರೆಲ್ಲ ಕಿವುಡರು, ಅವರ ನಡುವೆ ಕೈಸನ್ನೆಯ ಭಾಷೆಯೊಂದು ಬೆಳೆದಿದೆ.

ಇಷ್ಟು ಬರೆದ ಕೂಡಲೇ ಸ್ವಭಾವಗಳೂ ಕಾಣತೊಡಗುತ್ತವೆ, ಅಲ್ವಾ? ಬೆಂಕಿಯವರು ಶುರು ಮಾಡುವ ಮುಂಚೆ ಸುತ್ತ ನೋಡುವ ಜನ ಆಗಿರಲೇಬೇಕು. "ಬೆಂಕಿಯವನು ಮುಂಗೋಪಿ" ಎಂಬ ಸವೆದ ಮಾದರಿ ಇಲ್ಲಿ ನಿಲ್ಲುವುದೇ ಇಲ್ಲ, ಮುಂಗೋಪಿ ಬೆಂಕಿಯವರು ಚಿಕ್ಕಂದಿನಲ್ಲೇ ತಮ್ಮ ಮನೆಯ ಜೊತೆ ಸುಟ್ಟು ಹೋಗಿರುತ್ತಾರೆ.

ಹೆಜ್ಜೆ 4: ಬೇಲಿ ಹಾಕಿ

ಮನುಷ್ಯನ ಮೈಯಲ್ಲಿ ಸುಮಾರು 60 ಶೇಕಡ ನೀರಿದೆ. ನೀರಿನವರು ಅದನ್ನೂ ಎಳೆಯಬಹುದಾದರೆ ಯುದ್ಧ ಒಂದೇ ಕ್ಷಣದಲ್ಲಿ ಮುಗಿಯಿತು. ಗಾಳಿಯವರು ಶ್ವಾಸಕೋಶ ಖಾಲಿ ಮಾಡಬಹುದಾದರೂ ಅಷ್ಟೇ. ಇದಕ್ಕೊಂದು ನಿಯಮ ಬೇಕೇ ಬೇಕು: ಜೀವ ಇರುವ ಮೈಯೊಳಗೆ ಯಾವ ಶಕ್ತಿಯೂ ನುಗ್ಗುವುದಿಲ್ಲ. ಕಾರಣ ಬೇಕಿದ್ದರೆ ಕೊಡಿ, ಇಲ್ಲದಿದ್ದರೂ ನಡೆಯುತ್ತದೆ. ನಿಯಮ ಮುರಿಯದಿದ್ದರೆ ಸಾಕು.

ಇನ್ನು ದೂರ, ಗಾತ್ರ, ಕಣ್ಣಳತೆ. ಕಾಣದ ವಸ್ತುವಿನ ಮೇಲೆ ಶಕ್ತಿ ನಡೆಯುತ್ತದೆಯೇ? ಕಣ್ಣು ಕಟ್ಟಿದರೆ? ಎಷ್ಟು ಹೆಜ್ಜೆ ದೂರ? ಮೂರಕ್ಕೂ ಒಂದೊಂದು ಸಾಲಿನ ಉತ್ತರ ಬರೆದಿಟ್ಟು ಮುಂದೆ ಹೋಗಿ.

ಹೆಜ್ಜೆ 5: ಯಾರಿಗೆ ಯಾರು ಸೋಲುತ್ತಾರೆ

ಪ್ರತಿ ಗೆಲುವಿಗೂ ಕಣ್ಣಿಗೆ ಕಾಣುವ ಕಾರಣ ಇರಲಿ. ನನ್ನ ಚಕ್ರ ಹೀಗಿದೆ:

- ನೀರು ಬೆಂಕಿಯನ್ನು ಆರಿಸುತ್ತದೆ. ಶಬ್ದವನ್ನೂ ತಡೆಯುತ್ತದೆ, ಯಾಕೆಂದರೆ ಗಾಳಿಯಲ್ಲಿ ಬರುವ ಸದ್ದಿನ ಬಹುಪಾಲು ನೀರಿಗೆ ಬಡಿದು ಹಿಂದಕ್ಕೇ ಹೋಗುತ್ತದೆ.
- ಮಣ್ಣು ನೀರಿಗೆ ಕಟ್ಟೆ ಹಾಕುತ್ತದೆ, ಗಾಳಿಗೆ ಗೋಡೆಯಾಗುತ್ತದೆ.
- ಗಾಳಿ ನೀರನ್ನು ತುಂತುರು ಮಾಡಿ ಚೆದುರಿಸುತ್ತದೆ, ಎದುರಿಂದ ಬೀಸಿ ಸದ್ದನ್ನು ಮೇಲಕ್ಕೆ ಬಾಗಿಸಿಬಿಡುತ್ತದೆ.
- ಬೆಂಕಿ ಗಾಳಿಯನ್ನು ತಿಂದು ಬೆಳೆಯುತ್ತದೆ. ಕಲ್ಲನ್ನೂ ಸೀಳುತ್ತದೆ. ಹಿಂದೆ ಗಣಿಗಳಲ್ಲಿ ಬಂಡೆಗೆ ಬೆಂಕಿ ಇಟ್ಟು ಕಾಯಿಸಿಯೇ ಬಿರುಕು ಬಿಡಿಸುತ್ತಿದ್ದರು.
- ಶಬ್ದ ಸಣ್ಣ ಜ್ವಾಲೆಯನ್ನು ನಂದಿಸುತ್ತದೆ. ಮಣ್ಣನ್ನೂ ಕದಡುತ್ತದೆ.

ಕೊನೆಯ ಸಾಲು ಓದಿ ಹುಬ್ಬೇರಿಸಬೇಡಿ. ತಗ್ಗಿನ ಸ್ವರದ ಶಬ್ದದ ಅಲೆಗಳಿಂದ ಜ್ವಾಲೆ ಆರಿಸುವ ಉಪಕರಣವನ್ನು 2015ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಿ ತೋರಿಸಿದ್ದಾರೆ. ಮಣ್ಣಿನ ವಿಷಯಕ್ಕೆ ಬಂದರೆ, ನೀರು ತುಂಬಿದ ಮರಳುನೆಲ ನಡುಗಿದಾಗ ಗಟ್ಟಿತನ ಕಳೆದುಕೊಂಡು ದ್ರವದ ಹಾಗೆ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನಿಗಾಟಾ ಭೂಕಂಪದಲ್ಲಿ ಅಪಾರ್ಟ್‌ಮೆಂಟ್ ಕಟ್ಟಡಗಳು ಹೆಚ್ಚೇನೂ ಒಡೆಯದೆ, ಬುಡ ಸಮೇತ ಪಕ್ಕಕ್ಕೆ ವಾಲಿದ್ದು ಹೀಗೆಯೇ. ಆದರೆ ಗಮನಿಸಿ: ನೆಲ ಹಸಿಯಾಗಿರಬೇಕು. ಒಣ ಬಂಡೆಯ ಮೇಲೆ ನಿಂತ ಮಣ್ಣಿನವಳ ಎದುರು ಶಬ್ದದವನ ಆಟ ನಡೆಯದು.

ಚಕ್ರ ಜೀವಂತ ಆಗುವುದು ಇಂಥ "ಆದರೆ"ಗಳಿಂದ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಸರಿ. ಉರಿಯುತ್ತಿರುವುದು ಎಣ್ಣೆಯಾದರೆ? ನೀರು ಎಣ್ಣೆಯ ಕೆಳಗೆ ಇಳಿದು, ತಟಕ್ಕನೆ ಆವಿಯಾಗಿ, ಉರಿವ ಎಣ್ಣೆಯನ್ನು ಎಲ್ಲ ಕಡೆ ಎರಚುತ್ತದೆ. ಆವಿಯಾದ ನೀರು ಮೊದಲಿಗಿಂತ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಿದ ನೀರಿನವಳು ಬೆಂಕಿಯ ಜೊತೆ ತಾನೂ ಬೇಯುತ್ತಾಳೆ. ಹತ್ತು ಜೋಡಿಗಳಲ್ಲಿ ಒಂದೊಂದಕ್ಕೂ ಫಲಿತಾಂಶ ತಿರುಗುವ ಒಂದು ಸಂದರ್ಭ ಬರೆದಿಡಿ. ನಿಮ್ಮ ಕಥೆಯ ಒಳ್ಳೆಯ ದೃಶ್ಯಗಳು ಆ ಪಟ್ಟಿಯಿಂದಲೇ ಬರುತ್ತವೆ.

ಪ್ರಕೃತಿಯಲ್ಲೂ ಇಂಥ ಚಕ್ರ ಇದೆ. ಉತ್ತರ ಅಮೆರಿಕದ ಒಂದು ಜಾತಿಯ ಹಲ್ಲಿಗಳಲ್ಲಿ ಗಂಡುಗಳ ಗಂಟಲು ಕಿತ್ತಳೆ, ನೀಲಿ, ಹಳದಿ ಅಂತ ಮೂರು ಬಣ್ಣ. ಕಿತ್ತಳೆಯವು ಬಲಶಾಲಿ, ನೀಲಿಯವನ್ನು ಓಡಿಸುತ್ತವೆ. ನೀಲಿಯವು ತಮ್ಮ ಹೆಣ್ಣನ್ನು ಕಾದುಕೊಂಡು ಹಳದಿಯವನ್ನು ತಡೆಯುತ್ತವೆ. ಹಳದಿಯವು ಹೆಣ್ಣಿನಂತೆ ನಟಿಸಿ, ದೊಡ್ಡ ಜಾಗ ಕಾಯುವ ಕಿತ್ತಳೆಯವುಗಳ ಕಣ್ಣು ತಪ್ಪಿಸಿ ನುಸುಳುತ್ತವೆ. ಯಾವ ಬಣ್ಣ ಜಾಸ್ತಿಯಾದರೂ ಅದನ್ನು ಸೋಲಿಸುವ ಬಣ್ಣಕ್ಕೆ ಸುಗ್ಗಿ. ಇದನ್ನು 1996ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮೂರರಲ್ಲಿ ಎರಡು ಗೆಲ್ಲುವುದು ಮೈಬಲದಿಂದ ಅಲ್ಲವೇ ಅಲ್ಲ, ನೆನಪಿರಲಿ. ನಿಮ್ಮ ಲೋಕದಲ್ಲೂ ಒಂದು ರಾಜ್ಯ ಬೆಂಕಿಯವರನ್ನೇ ಸೇನೆಗೆ ತುಂಬಿದರೆ, ಪಕ್ಕದ ರಾಜ್ಯ ಮರುದಿನದಿಂದ ನೀರಿನವರನ್ನೂ ಶಬ್ದದವರನ್ನೂ ಹುಡುಕತೊಡಗಬೇಕು.

ಹೆಜ್ಜೆ 6: ಬೆರಕೆ

ಓದುಗರು ಎರಡು ಶಕ್ತಿಗಳನ್ನು ಕೂಡಿಸಿ ನೋಡಿಯೇ ನೋಡುತ್ತಾರೆ. ನೀವು ಅವರಿಗಿಂತ ಮುಂಚೆ ನೋಡಿರಬೇಕು. ಗಾಳಿಯವಳು ಕಣಜದಲ್ಲಿ ಹಿಟ್ಟಿನ ಪುಡಿ ಎಬ್ಬಿಸಿ, ಬೆಂಕಿಯವನು ಕಿಡಿ ಕೊಟ್ಟರೆ ಏನಾಗುತ್ತದೆ? ಸ್ಫೋಟ. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ದೊಡ್ಡ ಹಿಟ್ಟಿನ ಗಿರಣಿಯೊಂದು ಪುಡಿಗೆ ಕಿಡಿ ತಾಗಿ ಸಿಡಿದು 18 ಜನ ಸತ್ತರು. ನಿಮ್ಮ ಲೋಕದಲ್ಲಿ ಇದು ಸಾಧ್ಯವಾದರೆ ಕಣಜದ ಹತ್ತಿರ ಈ ಇಬ್ಬರನ್ನು ಒಟ್ಟಿಗೆ ಬಿಡಬಾರದು ಎಂಬ ಕಾನೂನು ಇರಲೇಬೇಕು.

ಒಂದು ನಿಯಮ ಸಾಕು: ಬೆರಕೆಗೆ ಇಬ್ಬರು ಬೇಕು, ಇಬ್ಬರೂ ತಮ್ಮ ತಮ್ಮ ಬೆಲೆ ಪೂರ್ತಿ ಕೊಡಬೇಕು. ಎರಡು ಶಕ್ತಿ ಇರುವ ಒಬ್ಬನೇ ನಾಯಕನನ್ನು ಸೃಷ್ಟಿಸುವ ಆಸೆಯನ್ನು ದಯವಿಟ್ಟು ಅದುಮಿ. ಹತ್ತು ಬೆರಕೆಗಳಿಗೂ ಹೆಸರಿಡುವ ಗೋಜು ಬೇಡ, ಕಥೆಗೆ ಬೇಕಾದ ಎರಡು ಮೂರು ಸಾಕು. ಸಿಡಿಲು, ಮರ, ಲೋಹ ಎಲ್ಲಿಗೆ ಸೇರುತ್ತವೆ ಅಂತ ಯಾರಾದರೂ ಕೇಳಿದರೆ "ಯಾರ ಕೈಗೂ ಸಿಗುವುದಿಲ್ಲ" ಅನ್ನುವುದೂ ಒಳ್ಳೆಯ ಉತ್ತರವೇ. ಸಿಡಿಲಿಗೆ ಎಲ್ಲರೂ ಹೆದರುವ ಲೋಕಕ್ಕೆ ಒಂದು ಸೊಗಸು ಇದೆ.

ಹೆಜ್ಜೆ 7: ಊರು ಕಟ್ಟಿ

ಶಕ್ತಿಗಳು ಯುದ್ಧದ ದಿನ ಮಾತ್ರ ಕೆಲಸ ಮಾಡುವುದಿಲ್ಲ. ಮಣ್ಣಿನವರು ಇರುವ ಲೋಕದಲ್ಲಿ ಕೋಟೆಗೋಡೆಗೆ ಏನು ಅರ್ಥ? ನಿಧಾನವಾಗಿಯಾದರೂ ಒಬ್ಬ ಮಣ್ಣಿನವಳು ರಾತ್ರಿಯಿಡೀ ಕೂತು ಬುಡದ ಕಲ್ಲು ಸರಿಸಿಬಿಡಬಹುದು. ಹಾಗಾದರೆ ಗೋಡೆಯ ಒಳಗೆ ಶಬ್ದದವರು ಪಾಳಿಯಲ್ಲಿ ಕೂತು ಕಲ್ಲು ಕಿರುಗುಟ್ಟುವ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಅವರ ಕಿವಿ ಹೋದ ಮೇಲೆ ಅವರನ್ನು ಸಾಕುವವರು ಯಾರು? ಈ ಒಂದು ಪ್ರಶ್ನೆಯಿಂದ ಪಿಂಚಣಿ, ಜಗಳ, ಮುಷ್ಕರ, ಒಂದು ಉಪಕಥೆ ಎಲ್ಲ ಹುಟ್ಟುತ್ತದೆ.

ನೀರಿನವಳು ನದಿಯ ಪಕ್ಕ ಸಾಮಾನ್ಯಳು, ಮರಳುಗಾಡಿನಲ್ಲಿ ಅರಸಿ. ಬೇಸಿಗೆಯಲ್ಲಿ ಒಣಗಿದ ಕಾಡಿನ ಗಡಿಯಲ್ಲಿ ಬೆಂಕಿಯವನಿಗೆ ಪ್ರವೇಶವೇ ಇಲ್ಲ. ಗಾಳಿಯವರಿಗೆ ಹಡಗುಗಳಲ್ಲಿ ಒಳ್ಳೆ ಸಂಬಳ, ಅದಕ್ಕೇ ಒಳನಾಡಿನಲ್ಲಿ ಅವರು ಸಿಗುವುದು ಅಪರೂಪ. ಜಾಗ ಬದಲಾದರೆ ಬಲ ಬದಲಾಗಬೇಕು, ಋತು ಬದಲಾದರೂ ಬದಲಾಗಬೇಕು. ನಕ್ಷೆ ಬರೆಯುವಾಗ ಪ್ರತಿ ಪ್ರದೇಶದ ಪಕ್ಕ ಅಲ್ಲಿ ಯಾರ ಕೈ ಮೇಲು ಅಂತ ಗುರುತು ಹಾಕಿ. ಒಂದೇ ಹೆಸರು ಎಲ್ಲ ಕಡೆ ಬಂದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ ಬೆಲೆ ಏರಿಸಿ.

ಹೆಜ್ಜೆ 8: ಮುರಿಯಲು ಕೊಡಿ

ನಿಮ್ಮ ಗೆಳೆಯರಲ್ಲಿ ಆಟದ ನಿಯಮಗಳಲ್ಲಿ ಸದಾ ಸಂದು ಹುಡುಕುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಎರಡು ಪುಟದ ನಿಯಮ ಕೊಟ್ಟು, "ಒಂದೇ ಶಕ್ತಿ ಇಟ್ಟುಕೊಂಡು ರಾಜ್ಯ ಗೆಲ್ಲಿ" ಅನ್ನಿ. ವಿವರಿಸಲು ಹೋಗಬೇಡಿ, ಸುಮ್ಮನೆ ಕೇಳಿ.

ನನ್ನ ಲೋಕವನ್ನೇ ಪರೀಕ್ಷಿಸೋಣ. ಶಬ್ದದವನೊಬ್ಬ ಇರುಳಲ್ಲಿ ಸೇನೆಯ ಬಿಡಾರಕ್ಕೆ ಬರುತ್ತಾನೆ. ಕಾವಲುಗಾರ ಕೆಮ್ಮುತ್ತಾನೆ. ಆ ಕೆಮ್ಮನ್ನು ಸಿಡಿಲಿನಷ್ಟು ಜೋರು ಮಾಡಿದರೆ ಮಲಗಿರುವವರ ಕಿವಿಯೆಲ್ಲ ಹರಿಯುತ್ತದೆ. ಇರುವ ಸದ್ದನ್ನು "ಹೆಚ್ಚಿಸುತ್ತಾರೆ" ಅಂದಿದ್ದೆವು, ಎಷ್ಟು ಅಂತ ಹೇಳಿರಲಿಲ್ಲ. ಇಲ್ಲಿದೆ ಸಂದು. ಮುಚ್ಚಲು ಎರಡು ದಾರಿ: ಮಿತಿ ಹಾಕುವುದು, ಇಲ್ಲವೇ ಬೆಲೆ ಏರಿಸುವುದು. ನಾನು ಎರಡನೆಯದನ್ನು ಆರಿಸುತ್ತೇನೆ. ಹಾಗೆ ಮಾಡಿದವನ ಕಿವಿ ಅದೇ ಕ್ಷಣ ಪೂರ್ತಿ ಹೋಗುತ್ತದೆ, ಜೊತೆಗೆ ಶಕ್ತಿಯೂ. ಜೀವನದಲ್ಲಿ ಒಂದೇ ಸಲ ಮಾಡಬಹುದಾದ ಕೆಲಸ ಅದು. ಸಂದು ಮುಚ್ಚಿತು, ಒಂದು ಪಾತ್ರವೂ ಸಿಕ್ಕಿತು. ಸಾಮಾನ್ಯವಾಗಿ ಮಿತಿಗಿಂತ ಬೆಲೆಯೇ ಕಥೆಗೆ ಜಾಸ್ತಿ ಕೊಡುತ್ತದೆ.

ಹೆಜ್ಜೆ 9: ಪುಟದ ಮೇಲೆ ತರುವಾಗ

ನಿಯಮಗಳನ್ನು ಗುರುವಿನ ಬಾಯಲ್ಲಿ ಪಾಠ ಮಾಡಿಸಬೇಡಿ. ಮಿತಿಯನ್ನು ಸಣ್ಣ ಸಂದರ್ಭದಲ್ಲಿ ಮುಂಚೆಯೇ ತೋರಿಸಿ. ಕೊನೆಯ ಕಾಳಗದಲ್ಲಿ ನೀರಿನವಳು ಎಣ್ಣೆಯ ಬೆಂಕಿಯ ಎದುರು ಕೈಕಟ್ಟಿ ನಿಲ್ಲಬೇಕಾದರೆ, ಮೊದಲ ಅಧ್ಯಾಯಗಳಲ್ಲೇ ಒಂದು ಅಡುಗೆಮನೆಯಲ್ಲಿ ಅವಳು ಬಾಣಲೆಗೆ ನೀರು ಸುರಿದು ಹುಬ್ಬು ಸುಟ್ಟುಕೊಂಡಿರಬೇಕು. ಅಲ್ಲಿ ಅದು ನಗುವಿನ ದೃಶ್ಯ ಆಗಿದ್ದರೆ ಇನ್ನೂ ಒಳ್ಳೆಯದು, ಯಾರೂ ಅದನ್ನು ಪಾಠ ಅಂತ ಓದುವುದಿಲ್ಲ. ಪ್ರತಿ ಮುಖ್ಯ ಮಿತಿಗೂ ಇಂಥದ್ದೊಂದು ಸಣ್ಣ ದೃಶ್ಯ ಗುರುತು ಮಾಡಿಟ್ಟು, ಅದು ಯಾವ ಅಧ್ಯಾಯದಲ್ಲಿ ಬರುತ್ತದೆ ಅಂತ ನಿಯಮದ ಪಕ್ಕದಲ್ಲೇ ಬರೆಯಿರಿ. ದೃಶ್ಯ ಸಿಗದ ನಿಯಮವನ್ನು ಹೊಡೆದು ಹಾಕಿ.